ಮೋಡದ ಮನೆಯೊಳಗಿದ್ದ ನೀರು: ಥಾರ್ಪ್‌ನೆಸ್ ಹಳ್ಳಿಯ ಹಳೇ ಟ್ಯಾಂಕಿನ ಪ್ರಕರಣ ಅಧ್ಯಯನ

ಇಂಗ್ಲೆಂಡಿನ ಸಫೋಕ್ ಕರಾವಳಿಯಲ್ಲಿ, ಆಲ್ಡ್‌ಬರೋ ಪಟ್ಟಣದಿಂದ ಸ್ವಲ್ಪ ಉತ್ತರಕ್ಕೆ ಥಾರ್ಪ್‌ನೆಸ್ ಎಂಬ ಹಳ್ಳಿಯಿದೆ. ದೂರದಿಂದ ನೋಡಿದವರಿಗೆ ಅಲ್ಲಿನ ಮರಗಳ ತುದಿಯ ಮೇಲೆ ಒಂದು ಮನೆ ಕೂತಂತೆ ಕಾಣುತ್ತದೆ. ಇಳಿಜಾರು ಚಾವಣಿ, ಕಿಟಕಿ, ಚಿಮಣಿ ಎಲ್ಲ ಇದ್ದು ನೆಲ ಮಾತ್ರ ಇಲ್ಲ. ಹತ್ತಿರ ಹೋದಾಗ ಅದರ ಕೆಳಗಿನ ಕಡುಬಣ್ಣದ ನೀಳ ಕಾಂಡ ಕಣ್ಣಿಗೆ ಬೀಳುತ್ತದೆ. ತುದಿಯವರೆಗೆ ಅಳೆದರೆ ಸುಮಾರು 70 ಅಡಿ, ಅಂದರೆ 21 ಮೀಟರ್. ಊರಿನವರೂ ಪ್ರವಾಸಿಗರೂ ಇದನ್ನು ‘ಹೌಸ್ ಇನ್ ದ ಕ್ಲೌಡ್ಸ್’ ಎನ್ನುತ್ತಾರೆ, ಮೋಡದ ಮನೆ. 1923ರಲ್ಲಿ ಇದನ್ನು ಕಟ್ಟಿದ್ದು ಇಡೀ ಹಳ್ಳಿಗೆ ನೀರು ಕೊಡುವ ಟ್ಯಾಂಕಾಗಿ. ಮೇಲೆ ಮನೆಯಂತೆ ಕಾಣುವ ಭಾಗದೊಳಗೆ ಕುರ್ಚಿ ಮೇಜು ಇರಲಿಲ್ಲ, 50,000 ಗ್ಯಾಲನ್ ನೀರಿತ್ತು.

ಹಳೇ ನೀರಿನ ಗೋಪುರಗಳ ಚರಿತ್ರೆ ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತದೆ. ಕಟ್ಟುತ್ತಾರೆ, ಬಳಸುತ್ತಾರೆ, ದೊಡ್ಡ ಕೊಳವೆಜಾಲ ಬಂದ ಮೇಲೆ ಬಿಡುತ್ತಾರೆ, ತುಕ್ಕು ಹಿಡಿಯುತ್ತದೆ, ಕೊನೆಗೆ ಕೆಡವುತ್ತಾರೆ. ಥಾರ್ಪ್‌ನೆಸ್‌ನ ಗೋಪುರ ಈ ದಾರಿಯನ್ನು ಅರ್ಧದಲ್ಲೇ ಬಿಟ್ಟಿತು. ಟ್ಯಾಂಕನ್ನು ಮರೆಮಾಡಲು ಹೊದಿಸಿದ ವೇಷವೇ ಟ್ಯಾಂಕು ಹೋದ ಮೇಲೆ ಕಟ್ಟಡವನ್ನು ಕಾಪಾಡಿತು. ಅದು ಹೇಗೆ ಎಂಬುದು ತಿಳಿಯಬೇಕಾದರೆ ನೀರಿನ ತೂಕ, ಉಕ್ಕಿನ ಹಲಗೆ, ಗಾಳಿಯ ಹೊಡೆತ ಇವುಗಳ ಲೆಕ್ಕಕ್ಕೆ ಇಳಿಯಬೇಕು.

ಊರಿಗೆ ಮೊದಲು ಬೇಕಾದದ್ದು

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದು ಥಾರ್ಪ್ ಎಂಬ ಮೀನುಗಾರರ ಸಣ್ಣ ಊರು. ಇಲ್ಲಿನ ಜಮೀನುದಾರ ಗ್ಲೆನ್‌ಕೇರ್ನ್ ಸ್ಟುವರ್ಟ್ ಓಗಿಲ್ವಿ ವಕೀಲಿಕೆ ಓದಿದವನು, ನಾಟಕಕಾರ. 1910ರ ಸುಮಾರಿಗೆ ಊರನ್ನು ರಜಾಕಾಲದ ಹಳ್ಳಿಯಾಗಿ ಹೊಸದಾಗಿ ಕಟ್ಟಲು ಹೊರಟ. 1913ರಲ್ಲಿ ‘ಮಿಯರ್’ ಎಂಬ ಕೃತಕ ಕೆರೆ ತೆರೆಯಿತು. ಮಕ್ಕಳು ಹೆದರದೆ ದೋಣಿ ನಡೆಸಲೆಂದು ಅದನ್ನು ಆಳವಿಲ್ಲದಂತೆ ತೋಡಿಸಿದ್ದರು. ಟ್ಯೂಡರ್ ಮತ್ತು ಜಾಕೊಬಿಯನ್ ಕಾಲದ, ಅಂದರೆ 16-17ನೇ ಶತಮಾನದ ಶೈಲಿಯನ್ನು ಅನುಕರಿಸಿದ ಮನೆಗಳು ಸಾಲುಸಾಲಾಗಿ ಎದ್ದವು. 1922ರಲ್ಲಿ ಗಾಲ್ಫ್ ಮೈದಾನ ಬಂತು.

ಬೇಸಿಗೆಯಲ್ಲಿ ತುಂಬಿ ಚಳಿಗಾಲದಲ್ಲಿ ಖಾಲಿಯಾಗುವ ಊರಿಗೆ ನೀರು ಒದಗಿಸುವುದು ಸಾಧಾರಣ ಹಳ್ಳಿಗೆ ಒದಗಿಸಿದಷ್ಟು ಸರಳವಲ್ಲ. ವರ್ಷದ ಸರಾಸರಿ ಹಿಡಿದು ಟ್ಯಾಂಕು ಕಟ್ಟಿದರೆ ಆಗಸ್ಟಿನಲ್ಲಿ ನಲ್ಲಿ ಒಣಗುತ್ತದೆ. ಆಗಸ್ಟಿನ ಬೇಡಿಕೆಗೆ ಕಟ್ಟಿದರೆ ಜನವರಿಯಲ್ಲಿ ನೀರು ಟ್ಯಾಂಕಿನಲ್ಲೇ ಹಳತಾಗುತ್ತದೆ. ಇದರ ಜೊತೆಗೆ ನೆಲ ಸಮತಟ್ಟು. ಗುಡ್ಡವಿರುವ ಊರಿನಲ್ಲಿ ಗುಡ್ಡದ ಮೇಲೊಂದು ತೊಟ್ಟಿ ಕಟ್ಟಿದರೆ ಕೆಲಸ ಮುಗಿಯುತ್ತದೆ. ಇಲ್ಲಿ ಎತ್ತರವನ್ನೂ ಕಟ್ಟಿಯೇ ಪಡೆಯಬೇಕಿತ್ತು.

ಎತ್ತರ ಯಾಕೆ ಬೇಕು? ನಲ್ಲಿಗಿಂತ 10 ಮೀಟರ್ ಮೇಲೆ ನೀರಿನ ಮಟ್ಟವಿದ್ದರೆ ನಲ್ಲಿಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಸಿಗುತ್ತದೆ, 15 ಮೀಟರ್ ಇದ್ದರೆ ಒಂದೂವರೆ ಕಿಲೋ. ಇದರಲ್ಲಿ ಕೊಳವೆಯ ಉದ್ದಕ್ಕೂ ಆಗುವ ಘರ್ಷಣೆಯಿಂದ ಒಂದಿಷ್ಟು ಸೋರಿಹೋಗುತ್ತದೆ. ಉಳಿದದ್ದು ಎರಡಂತಸ್ತಿನ ಮನೆಯ ಮೇಲಿನ ಸ್ನಾನದಮನೆಗೆ ನೀರು ಏರಿಸಲು ಸಾಕು. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದಕ್ಕೂ ಈ ಒತ್ತಡಕ್ಕೂ ಸಂಬಂಧವಿಲ್ಲ, ಮಟ್ಟ ಎಷ್ಟು ಎತ್ತರದಲ್ಲಿದೆ ಎಂಬುದಷ್ಟೇ ಲೆಕ್ಕ. ಮುಂದೆ ಯುದ್ಧದಲ್ಲಿ ಟ್ಯಾಂಕಿಗೆ ಗುಂಡು ತಗುಲಿ ಆದ ದುರಸ್ತಿಯನ್ನು ಅರಿಯಲು ಈ ಒಂದು ಅಂಶ ನೆನಪಿರಬೇಕು.

ಪಕ್ಕದ ಗಾಳಿಗಿರಣಿ

ಗೋಪುರದ ಎದುರಿಗೇ ಬಿಳಿಯ ಗಾಳಿಗಿರಣಿಯೊಂದು ನಿಂತಿದೆ. ಇವೆರಡನ್ನೂ ಬೇರೆಬೇರೆ ಎಂದು ನೋಡಿದರೆ ಎರಡೂ ಅರ್ಥವಾಗುವುದಿಲ್ಲ, ಏಕೆಂದರೆ ಇವು ಒಂದೇ ಯಂತ್ರದ ಎರಡು ತುಂಡು. ಗಿರಣಿ ಹುಟ್ಟಿದ್ದು 1803ರಲ್ಲಿ, ಪಕ್ಕದ ಆಲ್ಡ್ರಿಂಗ್‌ಹ್ಯಾಮ್ ಊರಿನಲ್ಲಿ, ಧಾನ್ಯ ಬೀಸುವುದಕ್ಕೆ. ಗೋಪುರ ಕಟ್ಟುವ ಹೊತ್ತಿನಲ್ಲೇ ಅದನ್ನು ಬಿಚ್ಚಿ ತಂದು ಇಲ್ಲಿ ನಿಲ್ಲಿಸಿ ಪಂಪಿಗೆ ಜೋಡಿಸಿದರು. ಬಾವಿಯ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವುದು ಅದರ ಹೊಸ ಕೆಲಸವಾಯಿತು.

ಬಿಚ್ಚಿ ತರಲು ಸಾಧ್ಯವಾದದ್ದು ಅದು ಕಂಬಗಿರಣಿಯಾದ್ದರಿಂದ. ಈ ಬಗೆಯ ಗಿರಣಿಯಲ್ಲಿ ರೆಕ್ಕೆ, ಹಲ್ಲುಚಕ್ರ, ಬೀಸುಕಲ್ಲು ಎಲ್ಲವನ್ನೂ ಹೊತ್ತ ಮರದ ಪೆಟ್ಟಿಗೆ ಒಂದೇ ದಪ್ಪ ನಡುಗಂಬದ ಮೇಲೆ ಕೂತಿರುತ್ತದೆ, ಗಾಳಿ ತಿರುಗಿದತ್ತ ಇಡೀ ಪೆಟ್ಟಿಗೆಯೇ ತಿರುಗುತ್ತದೆ. ಇಟ್ಟಿಗೆಯ ಗಿರಣಿಯನ್ನು ಎತ್ತಿಕೊಂಡು ಹೋಗಲಾಗದು. ಮರದ ಕಂಬಗಿರಣಿಯನ್ನು ಕೀಲು ಕೀಲು ಬಿಚ್ಚಿ, ಪ್ರತಿ ತೊಲೆಗೂ ಗುರುತು ಹಾಕಿ, ಬೇರೆಡೆ ಮತ್ತೆ ಜೋಡಿಸಬಹುದು. ಇಂಗ್ಲೆಂಡಿನ ಬಡಗಿಗಳಿಗೆ ಇದು ಹೊಸ ಕೆಲಸವೇನೂ ಆಗಿರಲಿಲ್ಲ.

ಧಾನ್ಯದ ಗಿರಣಿಗೂ ನೀರೆತ್ತುವ ಗಿರಣಿಗೂ ಗಾಳಿಯ ವಿಷಯದಲ್ಲಿ ಒಂದು ವ್ಯತ್ಯಾಸವಿದೆ. ಗಾಳಿಯಿಲ್ಲದ ದಿನ ಗೋಧಿ ಕಾಯುತ್ತದೆ, ಬಾಯಾರಿದವರು ಕಾಯುವುದಿಲ್ಲ. ಮೂರು ದಿನ ಗಾಳಿ ಬೀಸದಿದ್ದರೆ ಮೂರು ದಿನಕ್ಕಾಗುವಷ್ಟು ನೀರು ಮೇಲೆ ಕೂಡಿಟ್ಟಿರಬೇಕು. ಒಬ್ಬರಿಗೆ ದಿನಕ್ಕೆ 25 ಗ್ಯಾಲನ್, ಅಂದರೆ ಸುಮಾರು 114 ಲೀಟರ್ ಎಂದು ಹಿಡಿದರೆ, 50,000 ಗ್ಯಾಲನ್ ನೀರು 500 ಜನರಿಗೆ 4 ದಿನ ಬರುತ್ತದೆ. ಸಮುದ್ರದಂಚಿನ ಊರಿನಲ್ಲಿ ನಾಲ್ಕು ದಿನ ಪೂರ್ತಿ ಗಾಳಿ ನಿಲ್ಲುವುದು ಅಪರೂಪ. ಗಾಳಿಯನ್ನೇ ನಂಬಿದ ವ್ಯವಸ್ಥೆಗೆ ಇಷ್ಟು ದೊಡ್ಡ ಟ್ಯಾಂಕು ಬೇಕಾದದ್ದು ಇದಕ್ಕೇ. ಎರಡನೇ ಮಹಾಯುದ್ಧದ ಹೊತ್ತಿಗೆ ಪಂಪಿಗೆ ಎಂಜಿನ್ ಬಂತು, ಗಿರಣಿಯ ದುಡಿಮೆ ನಿಂತಿತು.

227 ಟನ್ ನೀರು, ಅದರ ಕೆಳಗೆ ಸಂಸಾರ

ಲೆಕ್ಕಕ್ಕೆ ಮೊದಲು ಒಂದು ಎಚ್ಚರಿಕೆ. ಇಲ್ಲಿ ಹೇಳುತ್ತಿರುವ ಗ್ಯಾಲನ್ ಬ್ರಿಟಿಷ್ ಗ್ಯಾಲನ್, 4.546 ಲೀಟರ್. ಅಮೆರಿಕದ ಗ್ಯಾಲನ್ 3.785 ಲೀಟರ್. ಈ ಎರಡನ್ನು ಅದಲುಬದಲು ಮಾಡಿದರೆ 50,000 ಗ್ಯಾಲನ್ ಎಂಬುದು 2,27,000 ಲೀಟರ್ ಆಗುವ ಬದಲು 1,89,000 ಲೀಟರ್ ಆಗುತ್ತದೆ, 38 ಟನ್ ತೂಕ ಲೆಕ್ಕದಿಂದ ಮಾಯವಾಗುತ್ತದೆ. ಹಳೇ ಟ್ಯಾಂಕುಗಳ ಚರಿತ್ರೆ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ.

ತುಂಬಿದಾಗ ನೀರಿನ ತೂಕವೇ 227 ಟನ್. ಉಕ್ಕು, ಮರ, ಚಾವಣಿ ಇವೆಲ್ಲ ಇದರ ಮೇಲೆ. ನಾಲ್ಕು ಕಾಲಿನ ಗೋಪುರವೆಂದು ಇಟ್ಟುಕೊಂಡರೆ ನೀರಿನಿಂದಲೇ ಒಂದೊಂದು ಕಾಲಿಗೆ 57 ಟನ್ ಬೀಳುತ್ತದೆ. ಬರೀ ನೋಡಲಿಕ್ಕೆ ಕಟ್ಟಿದ ಅಲಂಕಾರದ ಗೋಪುರದಲ್ಲಿ ಇಂಥ ಅಸ್ಥಿಪಂಜರ ಇರುವುದಿಲ್ಲ. ಮೋಡದ ಮನೆಯ ಮರದ ಹೊದಿಕೆಯ ಹಿಂದೆ ಇದ್ದದ್ದು ಭಾರಿ ಹೊರೆ ಹೊರುವ ಉಕ್ಕಿನ ಚೌಕಟ್ಟು.

ಟ್ಯಾಂಕನ್ನು ಬರಿದಾಗಿ ನಿಲ್ಲಿಸಿದ್ದರೆ ಮಿಯರ್ ಕೆರೆಯ ಕಡೆಯಿಂದ ನೋಡುವವರಿಗೆ ಊರಿನ ನೆತ್ತಿಯ ಮೇಲೊಂದು ಉಕ್ಕಿನ ಡಬ್ಬ ಕಾಣುತ್ತಿತ್ತು. ಹಳೇ ಕಾಲದ ಇಂಗ್ಲಿಷ್ ಹಳ್ಳಿಯ ಕನಸನ್ನು ಕಟ್ಟುತ್ತಿದ್ದವನಿಗೆ ಅದು ಒಗ್ಗುವ ನೋಟವಲ್ಲ. ವಾಸ್ತುಶಿಲ್ಪಿ ಎಫ್. ಫೋರ್ಬ್ಸ್ ಗ್ಲೆನಿ ಆ ಡಬ್ಬಕ್ಕೆ ಮನೆಯ ವೇಷ ಹಾಕಿದ. ಒಂದರ ಅಂಚಿನ ಮೇಲೊಂದು ಕೂರುವ ಮರದ ಹಲಗೆಗಳ ಗೋಡೆ, ಇಳಿಜಾರು ಚಾವಣಿ, ಸುಳ್ಳು ಕಿಟಕಿಗಳು. ಕೆಳಗಿನ ಕಾಂಡಕ್ಕೂ ಹಲಗೆ ಹೊದಿಸಿ ಅದರೊಳಗೆ ಅಂತಸ್ತುಗಳನ್ನು ಮಾಡಿದರು. ಮೇಲಿನ ಮನೆ ತೋರಿಕೆಯದು, ನಿಜವಾದ ಮನೆ ಕಾಂಡದೊಳಗಿನದು. ಮೊದಲಿಗೆ ಇದನ್ನು ‘ಗಜೀಬೋ’, ಅಂದರೆ ಸುತ್ತಲ ನೋಟ ನೋಡುವ ಮಂಟಪ, ಎನ್ನುತ್ತಿದ್ದರು. ಇಲ್ಲಿ ಬಾಡಿಗೆಗಿದ್ದ, ಮಕ್ಕಳಿಗಾಗಿ ಬರೆಯುತ್ತಿದ್ದ ಶ್ರೀಮತಿ ಮಾಲ್ಕಮ್ ಮೇಸನ್ ಅವರಿಂದ ಮೋಡದ ಮನೆ ಎಂಬ ಹೆಸರು ಬಂದು ಅದೇ ಉಳಿಯಿತು.

ಕಾಂಡಕ್ಕೆ ಹೊದಿಕೆ ಹಾಕಿದ್ದು ಚಂದಕ್ಕಷ್ಟೇ ಎಂದುಕೊಂಡರೆ ತಪ್ಪಾಗುತ್ತದೆ. ತೆರೆದ ಕಾಲುಗಳ ಗೋಪುರದಲ್ಲಿ ಮೇಲೇರುವ ಕೊಳವೆ, ಕೆಳಗಿಳಿಯುವ ಕೊಳವೆ, ಓವರ್‌ಫ್ಲೋ ಪೈಪು ಮೂರೂ ಹಿಮಗಾಳಿಗೆ ಬೆತ್ತಲಾಗಿ ನಿಲ್ಲುತ್ತವೆ. ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣದ ಕೊಳವೆ ಅದನ್ನು ತಡೆಯದೆ ಸೀಳುತ್ತದೆ. ಜನ ವಾಸವಿದ್ದು ಬೆಂಕಿ ಉರಿಯುವ ಗೋಡೆಗಳ ನಡುವೆ ಕೊಳವೆಗಳು ಹಾದುಹೋದರೆ ಈ ಕಾಟ ತಾನಾಗಿ ತಗ್ಗುತ್ತದೆ.

ಆದರೆ ಮನೆಯೊಳಗೆ ಟ್ಯಾಂಕಿಟ್ಟರೆ ಹೊಸ ಕಾಟವೊಂದು ಹುಟ್ಟುತ್ತದೆ, ಬೆವರು. ಬಾವಿಯಿಂದ ಬಂದ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಕಡಲಗಾಳಿಯಲ್ಲಿ ತೇವ ತುಂಬಿರುತ್ತದೆ. ಆ ಗಾಳಿ ತಣ್ಣನೆಯ ಉಕ್ಕಿಗೆ ತಾಗಿದ ಕೂಡಲೇ ಟ್ಯಾಂಕಿನ ಹೊರಮೈಯಲ್ಲಿ ಹನಿ ಮೂಡುತ್ತದೆ. ಹನಿ ಹಲಗೆಗೆ ಅಂಟಿದ ಜಾಗದಲ್ಲಿ ಗಾಳಿಯಾಡದಿದ್ದರೆ ಮರ ಒಳಗಿನಿಂದ ಕೊಳೆಯುತ್ತದೆ, ಹೊರಗಿನ ಬಣ್ಣ ಮಾತ್ರ ಹೊಸದಾಗಿಯೇ ಕಾಣುತ್ತಿರುತ್ತದೆ. ಇಂಥ ಟ್ಯಾಂಕುಗಳ ಸುತ್ತ ಒಬ್ಬ ಮನುಷ್ಯ ಅಡ್ಡಡ್ಡಲಾಗಿ ನಡೆಯುವಷ್ಟು ಜಾಗ ಬಿಡುವುದು, ಚಾವಣಿಯಂಚಿನಲ್ಲಿ ಗಾಳಿಕಿಂಡಿ ಇಡುವುದು, ಟ್ಯಾಂಕಿನ ಕೆಳಗೆ ಹನಿ ಹಿಡಿಯುವ ತಗಡು ಹಾಸಿ ಅದರ ನೀರನ್ನು ಓವರ್‌ಫ್ಲೋ ಪೈಪಿಗೆ ತಿರುಗಿಸುವುದು ಇದಕ್ಕೇ. ಈ ಮೂರರಲ್ಲಿ ಜನ ಮೊದಲು ಕೈಬಿಡುವುದು ಗಾಳಿಕಿಂಡಿಯನ್ನು. ಹಕ್ಕಿ ಗೂಡು ಕಟ್ಟುತ್ತದೆಂದು ಮುಚ್ಚಿದ ಕಿಂಡಿ ಹತ್ತು ವರ್ಷದಲ್ಲಿ ಒಂದು ಮಗ್ಗುಲಿನ ಹಲಗೆಯನ್ನೆಲ್ಲ ತಿನ್ನಬಲ್ಲದು.

ತೋಪಿನ ಗುಂಡು ತಗುಲಿದಾಗ

ಎರಡನೇ ಮಹಾಯುದ್ಧದಲ್ಲಿ ಥಾರ್ಪ್‌ನೆಸ್‌ನಲ್ಲಿ ವಿಮಾನವಿರೋಧಿ ತೋಪುಗಳಿದ್ದವು. 1944ರಲ್ಲಿ ಜರ್ಮನಿಯ ವಿ-1 ಹಾರುಬಾಂಬುಗಳು ಕಡಲ ಮೇಲಿನಿಂದ ಬರತೊಡಗಿದ ಮೇಲೆ ಬ್ರಿಟನ್ನಿನ ಪೂರ್ವ ಕರಾವಳಿಯುದ್ದಕ್ಕೂ ತೋಪುಗಳ ಸಾಲನ್ನೇ ನಿಲ್ಲಿಸಿದ್ದರು. ತಗ್ಗಿನಲ್ಲಿ ಹಾರಿಬರುವ ಗುರಿಗೆ ತೋಪಿನ ಬಾಯನ್ನೂ ತಗ್ಗಿಸಬೇಕಾಗುತ್ತದೆ, ಆಗ ಊರಿನ ಎತ್ತರದ ಕಟ್ಟಡ ಗುಂಡಿನ ದಾರಿಗೆ ಅಡ್ಡ ಬರಬಹುದು. ಯುದ್ಧದ ದಿನಗಳಲ್ಲಿ ಊರಿನ ತೋಪುಗಳ ಗುಂಡೇ ಮೋಡದ ಮನೆಗೆ ಬಡಿಯಿತು, ಟ್ಯಾಂಕು ಹಾಳಾಯಿತು.

ನೀರು ತುಂಬಿದ ಟ್ಯಾಂಕಿಗೆ ಒಂದು ತೂತು ಬಿದ್ದರೆ ಆಗುವುದೇನು? 40 ಮಿಲಿಮೀಟರ್ ಅಗಲದ ತೂತು ನೀರಿನ ಮಟ್ಟಕ್ಕಿಂತ 3 ಮೀಟರ್ ಕೆಳಗಿದೆ ಎಂದುಕೊಳ್ಳಿ. ಅದರಿಂದ ಸೆಕೆಂಡಿಗೆ ಸುಮಾರು 5.8 ಲೀಟರ್, ಗಂಟೆಗೆ ಹತ್ತಿರಹತ್ತಿರ 21,000 ಲೀಟರ್ ನೀರು ಚಿಮ್ಮುತ್ತದೆ. ಸಿಡಿಯುವ ಗುಂಡಾದರೆ ತೂತು ದುಂಡಗಿರದೆ ಅಂಚು ಹರಿದಿರುತ್ತದೆ, ಇನ್ನೂ ಹೆಚ್ಚು ಸುರಿಯುತ್ತದೆ. ಸುರಿಯುವ ನೀರಿನ ಕೆಳಗಿರುವುದು ಮರದ ಮನೆ.

ಸಣ್ಣ ದುಂಡು ತೂತಿಗೆ ಮದ್ದು ಸುಲಭ. ಅಂಚನ್ನು ಅರದಿಂದ ಉಜ್ಜಿ, ಎರಡು ಕಡೆಯೂ ರಬ್ಬರ್ ವಾಷರ್ ಮತ್ತು ಉಕ್ಕಿನ ಬಿಲ್ಲೆ ಇಟ್ಟು, ನಡುವೆ ಬೋಲ್ಟು ಹಾಕಿ ಬಿಗಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಟ್ಯಾಂಕಿನ ಉಕ್ಕಿನ ಹಲಗೆಯೇ ಸೊಟ್ಟಗಾಗಿ ಅಂಚಿನ ಬೋಲ್ಟು ಸಾಲು ಎಳೆದುಹೋಗಿದ್ದರೆ ಬಿಲ್ಲೆಯಿಂದ ಪ್ರಯೋಜನವಿಲ್ಲ, ಹಲಗೆಯನ್ನೇ ಬದಲಿಸಬೇಕು. ಆದರೆ ಯುದ್ಧಕಾಲದ ಬ್ರಿಟನ್ನಿನಲ್ಲಿ ಉಕ್ಕು ಸರ್ಕಾರದ ಹಿಡಿತದಲ್ಲಿತ್ತು, ಹಳ್ಳಿಯ ಟ್ಯಾಂಕಿಗೆ ಸುಲಭಕ್ಕೆ ದಕ್ಕುವ ವಸ್ತುವಾಗಿರಲಿಲ್ಲ. ಟ್ಯಾಂಕನ್ನು ಅದರದೇ ಉಕ್ಕಿನಿಂದ ದುರಸ್ತಿ ಮಾಡಿದರು, ಧಾರಣಶಕ್ತಿ 50,000ದಿಂದ 30,000 ಗ್ಯಾಲನ್ನಿಗೆ ಇಳಿಯಿತು. ಈ ಪ್ರಕರಣದಲ್ಲಿ ನಮಗೆ ಅತ್ಯಂತ ಹಿಡಿಸುವ ಸಂಗತಿ ಇದು. ಒಂದು ವಸ್ತು ತನ್ನದೇ ಮೈಯಿಂದ ತುಂಡು ಕಿತ್ತುಕೊಟ್ಟು ತಾನು ಉಳಿದುಕೊಂಡಿದೆ.

ಇದು ಹೇಗೆ ಸಾಧ್ಯ ಎಂಬುದನ್ನು ಆ ಕಾಲದಲ್ಲಿ ಚಾಲ್ತಿಗೆ ಬಂದಿದ್ದ, ಒತ್ತು ಹಾಕಿದ ಉಕ್ಕಿನ ಹಲಗೆಗಳ ಟ್ಯಾಂಕಿನ ಲೆಕ್ಕದಲ್ಲಿ ತೋರಿಸಬಹುದು. ಇವುಗಳ ಹಲಗೆ 4 ಅಡಿ ಚೌಕ. ನಾಲ್ಕೂ ಅಂಚು ಮಡಿಚಿ ಬೋಲ್ಟಿಗೆ ತೂತು ಹೊಡೆದಿರುತ್ತದೆ. ಮೈ ಬಾಗದಂತೆ ನಡುವೆ ಉಬ್ಬು ಒತ್ತಿರುತ್ತಾರೆ. ಕಾಲು ಅಂಗುಲ ದಪ್ಪದ ಅಂಥ ಹಲಗೆಯ ಮೈಯೊಂದೇ 74 ಕಿಲೋ ತೂಗುತ್ತದೆ. 28 ಅಡಿ ಉದ್ದ, 24 ಅಡಿ ಅಗಲ, 12 ಅಡಿ ಆಳದ ಟ್ಯಾಂಕಿನಲ್ಲಿ 50,200 ಗ್ಯಾಲನ್ ಹಿಡಿಯುತ್ತದೆ. ತಳಕ್ಕೆ 42 ಹಲಗೆ, ಗೋಡೆಗೆ ಮೂರು ಸಾಲಿನಲ್ಲಿ 78, ಒಟ್ಟು 120. ಇದನ್ನು 20 ಅಡಿ ಚೌಕಕ್ಕೆ ಕುಗ್ಗಿಸಿ ಆಳವನ್ನು ಹಾಗೇ ಬಿಟ್ಟರೆ ತಳಕ್ಕೆ 25, ಗೋಡೆಗೆ 60, ಒಟ್ಟು 85 ಹಲಗೆ ಸಾಕು. ಹಿಡಿಯುವುದು 29,900 ಗ್ಯಾಲನ್. ಅಂದರೆ ಇಂಥ ಟ್ಯಾಂಕನ್ನು 50,000ದಿಂದ 30,000ಕ್ಕೆ ಇಳಿಸಿದರೆ 35 ಹಲಗೆಯಷ್ಟು ಕೈಗೆ ಉಳಿಯುತ್ತದೆ, 35 ಹಲಗೆ ಹಾಳಾಗಿದ್ದರೂ ಹೊರಗಿನಿಂದ ಒಂದನ್ನೂ ತರಬೇಕಿಲ್ಲ.

ಆಳ ಕಡಿಮೆ ಮಾಡುವುದು ಲೇಸೋ ಅಗಲ ಕಡಿಮೆ ಮಾಡುವುದು ಲೇಸೋ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮೇಲಿನ ಒಂದು ಸಾಲು ಬಿಚ್ಚಿದರೆ ಕೆಲಸ ಬೇಗ ಆಗುತ್ತದೆ, ತಳವನ್ನೂ ಅದರ ಕೆಳಗಿನ ತೊಲೆಗಳನ್ನೂ ಮುಟ್ಟಬೇಕಿಲ್ಲ. 28ಕ್ಕೆ 24 ಅಡಿಯ ಟ್ಯಾಂಕಿನಲ್ಲಿ ಹೀಗೆ ಮಾಡಿದರೆ 26 ಹಲಗೆ ಉಳಿದು 33,500 ಗ್ಯಾಲನ್ ಹಿಡಿಯುತ್ತದೆ. ಆದರೆ ನೀರಿನ ಮಟ್ಟ 4 ಅಡಿ ಇಳಿಯುವುದರಿಂದ ಊರಿನ ಎಲ್ಲ ನಲ್ಲಿಗಳಲ್ಲೂ ಒತ್ತಡ ಚದರ ಸೆಂಟಿಮೀಟರಿಗೆ 0.12 ಕಿಲೋದಷ್ಟು ಕುಗ್ಗುತ್ತದೆ. ಕೊಳವೆಸಾಲಿನ ತುದಿಯ ಮನೆಗೆ ಇದು ಅನುಭವಕ್ಕೆ ಬರುವ ವ್ಯತ್ಯಾಸ. ಅಗಲ ಕುಗ್ಗಿಸಿದರೆ ಒತ್ತಡ ಹಾಗೇ ಉಳಿಯುತ್ತದೆ, ಆದರೆ ತಳ ಬಿಚ್ಚಬೇಕು, ಗೋಡೆ ಹೊರಕ್ಕೆ ಬಾಗದಂತೆ ಹಿಡಿಯುವ ಒಳಗಿನ ಎಳೆಸರಳುಗಳನ್ನು ಹೊಸ ಅಳತೆಗೆ ಕತ್ತರಿಸಬೇಕು. ಸಣ್ಣದಾದ ಟ್ಯಾಂಕನ್ನು ಗೋಪುರದ ನಟ್ಟನಡುವೆ ಕೂರಿಸದಿದ್ದರೆ ಒಂದು ಮಗ್ಗುಲಿನ ಕಾಲುಗಳ ಮೇಲೆ ಹೊರೆ ವಾಲುತ್ತದೆ.

ಇನ್ನೊಂದು ಅಪಾಯ ಮೇಲ್ನೋಟಕ್ಕೆ ಹೊಳೆಯುವುದಿಲ್ಲ. ಆಳದ ಟ್ಯಾಂಕುಗಳಲ್ಲಿ ಕೆಳಸಾಲಿನ ಹಲಗೆ ಮೇಲ್ಸಾಲಿನದಕ್ಕಿಂತ ದಪ್ಪವಿರಬಹುದು. ಹೊರಗಿನ ಅಳತೆ ಒಂದೇ, ಬೋಲ್ಟಿನ ತೂತುಗಳೂ ಸರಿಯಾಗಿ ಕೂರುತ್ತವೆ. ಅವಸರದಲ್ಲಿ ಮೇಲಿನ ತೆಳು ಹಲಗೆಯನ್ನು ತಳದಲ್ಲಿ ಹಾಕಿಬಿಟ್ಟರೆ 12 ಅಡಿ ನೀರಿನ ಕೆಳಗೆ ಆ ಒಂದು ಹಲಗೆ ಸುಮಾರು 5.4 ಟನ್ ಹೊರಬೇಕಾಗುತ್ತದೆ. ಮೊದಲ ಸಲ ತುಂಬಿದಾಗ ತಡೆಯುತ್ತದೆ. ಆಮೇಲೆ ದಿನಾ ತುಂಬಿ ಖಾಲಿಯಾಗುವಾಗ ಒಳಹೊರಗೆ ಉಬ್ಬಿ ತಗ್ಗಿ ಅಂಚಿನ ಸಂದಿಯ ಮೇಣ ಬಿರುಕು ಬಿಡುತ್ತದೆ. ಹಲಗೆ ಬಿಚ್ಚುವಾಗಲೇ ಸಾಲು, ಸ್ಥಾನ ಎರಡನ್ನೂ ಸುಣ್ಣದಲ್ಲಿ ಬರೆದಿಡುವುದು ಇದಕ್ಕಿರುವ ಏಕೈಕ ಉಪಾಯ.

30,000 ಗ್ಯಾಲನ್ನಿನಲ್ಲಿ ಹಳ್ಳಿ ಹೇಗೆ ತೂಗಿಸಿತು? ಹಿಂದಿನ ಲೆಕ್ಕವನ್ನೇ ಹಾಕಿದರೆ 500 ಜನರಿಗೆ 4 ದಿನ ಬರುತ್ತಿದ್ದದ್ದು ಈಗ ಎರಡೂಕಾಲು ದಿನದ ಮೇಲೆ ಸ್ವಲ್ಪ. ಗಾಳಿಯ ಕಾಲದಲ್ಲಾಗಿದ್ದರೆ ಇದು ಕಷ್ಟವೇ. ಅಷ್ಟರಲ್ಲಿ ಎಂಜಿನ್ ಬಂದಿತ್ತು, ಬೇಕೆಂದಾಗ ಪಂಪು ಓಡುತ್ತಿತ್ತು. ಮೂರು ದಿನದ ದಾಸ್ತಾನು ಅನಿವಾರ್ಯವಾಗಿ ಉಳಿದಿರಲಿಲ್ಲ. ಮುರಿದ ಟ್ಯಾಂಕನ್ನು ಸಣ್ಣದು ಮಾಡಿಕೊಂಡೂ ಮುಂದೆ ಸಾಗಲು ಸಾಧ್ಯವಾದದ್ದರಲ್ಲಿ ಎಂಜಿನ್ನಿನ ಪಾಲು ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ಗೋಪುರದ ಕಾಲುಗಳಿಗೂ ಇದು ಒಳ್ಳೆಯದೇ ಆಯಿತು, 91 ಟನ್ ಹೊರೆ ಇಳಿಯಿತು.

1977 ಮತ್ತು 1979

ಓಗಿಲ್ವಿ ಮನೆತನದ ಒಡೆತನ ಬಹುಕಾಲ ನಡೆಯಿತು. ಸ್ಥಾಪಕನ ಮೊಮ್ಮಗ 1972ರಲ್ಲಿ ತೀರಿಕೊಂಡಾಗ ಮರಣತೆರಿಗೆ ಕಟ್ಟಲು ಊರಿನ ಬಹುಪಾಲು ಆಸ್ತಿಯನ್ನು ಮಾರಬೇಕಾಯಿತು. ಒಬ್ಬನೇ ಒಡೆಯನ ಊರಿನಲ್ಲಿ ಟ್ಯಾಂಕು, ಪಂಪು, ಕೊಳವೆ ಎಲ್ಲ ಒಂದೇ ಲೆಕ್ಕಪುಸ್ತಕದಲ್ಲಿರುತ್ತವೆ. ಆಸ್ತಿ ಹಂಚಿಹೋದ ಮೇಲೆ ಟ್ಯಾಂಕಿಗೆ ಬಣ್ಣ ಬಳಿಯುವುದು ಯಾರ ಕೆಲಸ ಎಂಬ ಪ್ರಶ್ನೆ ಬರುತ್ತದೆ. ಸಾರ್ವಜನಿಕ ಕೊಳವೆಜಾಲದ ನೀರು ಊರಿಗೆ ಒದಗಿ 1977ರಲ್ಲಿ ಗೋಪುರದ ಕೆಲಸ ಮುಗಿಯಿತು. 1979ರಲ್ಲಿ ಟ್ಯಾಂಕನ್ನು ತೆಗೆದು ಇಡೀ ಕಟ್ಟಡವನ್ನು ಮನೆಯಾಗಿಸಿದರು. ಈ ಎರಡು ಇಸವಿಗಳನ್ನು ಒಂದೇ ಎಂಬಂತೆ ಬರೆಯುವುದುಂಟು. ಕೆಲಸ ನಿಂತದ್ದು ಒಂದು ಘಟನೆ, ಟ್ಯಾಂಕು ಇಳಿದದ್ದು ಇನ್ನೊಂದು. ನಡುವಿನ ಕಾಲ ಇಂಥ ಕಟ್ಟಡಗಳಿಗೆ ಅತಿ ಅಪಾಯದ್ದು, ಏಕೆಂದರೆ ಆಗ ಅದು ಯಾರಿಗೂ ಬೇಕಾಗಿರುವುದಿಲ್ಲ. ಇಲ್ಲಿ ಆ ಕಾಲ ಎರಡೇ ವರ್ಷ. ಕೆಳಗೆ ಆಗಲೇ ವಾಸದ ಮನೆಯಿದ್ದುದರಿಂದ ಚಾವಣಿಯ ಸೋರಿಕೆ ನೋಡುವವರು ಇದ್ದರು, ಮೆಟ್ಟಿಲಿತ್ತು. ಬರೀ ಉಕ್ಕಿನ ಕಾಲುಗಳ ಮೇಲೆ ನಿಂತ ಟ್ಯಾಂಕಾಗಿದ್ದರೆ 1977ರ ನಂತರ ಗುಜರಿಯವನ ಪಾಲಾಗುತ್ತಿತ್ತು ಎನ್ನಲು ಹೆಚ್ಚು ಧೈರ್ಯ ಬೇಕಿಲ್ಲ.

ಮರದ ಮನೆಯೊಳಗಿನಿಂದ ಉಕ್ಕಿನ ಟ್ಯಾಂಕು ಇಳಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಒಳಹರಿವಿನ ಕೊಳವೆಯನ್ನು ಕಡಿದು ಮುಚ್ಚಬೇಕು. ವಾಲ್ವ್ ತಿರುಗಿಸಿ ಬಿಟ್ಟರೆ ಸಾಲದು, ಹಳೇ ವಾಲ್ವ್ ಜಿನುಗುತ್ತದೆ. ತಳದ ತೊಳೆಕೊಳವೆಯಿಂದ ನೀರನ್ನು ನಿಧಾನವಾಗಿ ಬಿಟ್ಟು, ತಳದಲ್ಲಿ ಕೂತ ಕೆಸರನ್ನು ಬಕೀಟಿನಲ್ಲಿ ಇಳಿಸಬೇಕು. ಆಮೇಲೆ ಮೇಲ್ಸಾಲಿನಿಂದ ಕೆಳಕ್ಕೆ ಹಲಗೆ ಬಿಚ್ಚುತ್ತ ಬರಬೇಕು. ಒಳಗಿನ ಎಳೆಸರಳುಗಳನ್ನು ಆಯಾ ಸಾಲಿನ ಸರದಿ ಬರುವ ತನಕ ಮುಟ್ಟಬಾರದು. ಎಲ್ಲ ಸರಳುಗಳನ್ನು ಮೊದಲೇ ಬಿಚ್ಚಿದರೆ ಎತ್ತರದ ಗೋಡೆಗೆ ಆಸರೆ ತಪ್ಪಿ ಒಳಕ್ಕೋ ಹೊರಕ್ಕೋ ಮಗುಚುತ್ತದೆ.

ಅರ್ಧ ಶತಮಾನದ ಬೋಲ್ಟುಗಳು ಸ್ಪ್ಯಾನರಿಗೆ ಬಗ್ಗುವುದಿಲ್ಲ. ಗ್ಯಾಸ್ ಕಟರ್ ಹಿಡಿದರೆ ಕ್ಷಣದಲ್ಲಿ ಕತ್ತರಿಸುತ್ತದೆ, ಆದರೆ ಕಿಡಿ ಬೀಳುವುದು ಒಣಗಿದ ಹಲಗೆಗಳ ಸಂದಿಗೆ. ಅಲ್ಲಿ ಹೊಗೆಯಾಡಿ ಗಂಟೆಗಳ ನಂತರ, ಕೆಲಸದವರು ಮನೆಗೆ ಹೋದ ಮೇಲೆ ಉರಿ ಏಳಬಹುದು. ಆ ಕಾಲದ ಉಕ್ಕಿಗೆ ಬಳಿಯುತ್ತಿದ್ದ ಕೆಂಪು ಪ್ರೈಮರಿನಲ್ಲಿ ಸೀಸ ಇರುವ ಸಾಧ್ಯತೆಯೂ ಹೆಚ್ಚು, ಜ್ವಾಲೆ ತಾಗಿದರೆ ಸೀಸದ ಹೊಗೆ ಉಸಿರಿಗೆ ಸೇರುತ್ತದೆ. ತಲೆ ಕತ್ತರಿಸಿ ಬೋಲ್ಟನ್ನು ಉಳಿಯಿಂದ ಹೊಡೆದು ಹಾಕುವುದು ನಿಧಾನದ ಕೆಲಸವಾದರೂ ಮರದ ಮನೆಯಲ್ಲಿ ಅದೇ ಸರಿ. ಒಂದೊಂದು ಹಲಗೆಯೂ ಇಬ್ಬರು ಎತ್ತಬೇಕಾದ ತೂಕ, ಒಳಮೆಟ್ಟಿಲಿನಲ್ಲಿ ಇಳಿಸಲಾಗದು. ಗೋಡೆಯ ಒಂದು ಕಡೆ ಹೊದಿಕೆ ಬಿಚ್ಚಿ, ರಾಟೆ ಕಟ್ಟಿ ಹೊರಗಿನಿಂದ ಇಳಿಸಬೇಕು.

ಟ್ಯಾಂಕು ಹೋದ ಮೇಲೆ ಗೋಪುರ ಹಗುರಾಗುತ್ತದೆ, ಅದು ಲಾಭವೇ ಎಂದು ಅನಿಸುವುದು ಸಹಜ. ಗಾಳಿಯ ಲೆಕ್ಕ ಬೇರೆ ಹೇಳುತ್ತದೆ. ನೂರಾರು ಟನ್ ನೀರು ಮೇಲೆ ಕೂತಿದ್ದಾಗ ಗೋಪುರದ ನಾಲ್ಕೂ ಕಾಲು ನೆಲಕ್ಕೆ ಒತ್ತಿಕೊಂಡಿರುತ್ತವೆ. ನೀರಿಲ್ಲದಾಗ ಗಾಳಿ ಬಡಿಯುವ ಮೈ ಅಷ್ಟೇ ದೊಡ್ಡದಿರುತ್ತದೆ, ಒತ್ತುವ ಭಾರ ಮಾತ್ರ ಇರುವುದಿಲ್ಲ. ಗಾಳಿ ಬರುವ ಕಡೆಯ ಕಾಲುಗಳು ಮೇಲಕ್ಕೆ ಎಳೆಯಲ್ಪಡುತ್ತವೆ, ಅಡಿಪಾಯದಲ್ಲಿ ಹೂತ ಬೋಲ್ಟುಗಳೇ ಗೋಪುರವನ್ನು ಹಿಡಿಯಬೇಕಾಗುತ್ತದೆ. ಕಡಲ ಉಪ್ಪು ಹೆಚ್ಚು ತಿನ್ನುವುದೂ ಆ ಬೋಲ್ಟುಗಳನ್ನೇ, ನೆಲದ ತೇವ ತಾಗುವ ಒಂದು ಅಂಗುಲದಲ್ಲಿ. ಟ್ಯಾಂಕು ಇಳಿಸುವ ಮೊದಲು ನೋಡಬೇಕಾದದ್ದು ಬುಡವನ್ನು.

ಟ್ಯಾಂಕು ಕೂತಿದ್ದ ತೊಲೆಗಳು ನೂರಾರು ಟನ್ನಿಗೆ ಕಟ್ಟಿದವು. ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಒಂದೂವರೆ ಕ್ವಿಂಟಲ್ ಆಸುಪಾಸು ಹೊರೆ ಹಿಡಿದರೆ ಸಾಕು. 12 ಅಡಿ ಆಳದ ನೀರು ಚದರ ಮೀಟರಿಗೆ 3.6 ಟನ್ ಮೀರುತ್ತದೆ. ಹಾಗಾಗಿ ನೆಲಕ್ಕೆ ಹೊಸ ಬಲ ಕೊಡುವ ತೊಂದರೆ ಇಂಥಲ್ಲಿ ಬರುವುದಿಲ್ಲ. ಸುಳ್ಳು ಕಿಟಕಿಗಳಿದ್ದ ಕಡೆ ನಿಜವಾದ ಕಿಟಕಿ ಬಂದು, 227 ಟನ್ ನೀರಿದ್ದ ಜಾಗ ಈಗ ಸುತ್ತಲ ಕಡಲು, ಕೆರೆ, ಗಾಲ್ಫ್ ಮೈದಾನ ಕಾಣುವ ದೊಡ್ಡ ಕೋಣೆ.

ಈಗಿನ ಸ್ಥಿತಿ

ಗೋಪುರ ಗ್ರೇಡ್ 2 ಸಂರಕ್ಷಿತ ಕಟ್ಟಡ, ಗಿರಣಿಯೂ ಹಾಗೆಯೇ. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಈ ದರ್ಜೆಯವೇ. 1990ರ ಕಾಯ್ದೆಯ ಪ್ರಕಾರ ಕಟ್ಟಡದ ಸ್ವರೂಪಕ್ಕೆ ಧಕ್ಕೆ ತರುವ ಬದಲಾವಣೆಗೆ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು, ಒಳಗಿನ ಬದಲಾವಣೆಗೂ ಬೇಕು. ಒಪ್ಪಿಗೆಯಿಲ್ಲದೆ ಮಾಡಿದರೆ ಅದು ಅಪರಾಧ. 1979ರಂತೆ ಒಳಗಿನದನ್ನೆಲ್ಲ ಕಳಚಿ ಹೊರತರುವ ಕೆಲಸ ಇವತ್ತಾದರೆ ಟ್ಯಾಂಕಿನ ಒಂದು ಸಾಲನ್ನಾದರೂ ಸ್ಥಳದಲ್ಲೇ ಉಳಿಸಿ ಎಂಬ ಮಾತು ಖಂಡಿತ ಬರುತ್ತಿತ್ತು. ತೋಪಿನ ಗುಂಡಿನ ಗುರುತೂ ದುರಸ್ತಿಯ ಗುರುತೂ ಇದ್ದ ಉಕ್ಕು ಹೊರಗೆ ಹೋದದ್ದು ನಿಜಕ್ಕೂ ನಷ್ಟ. ಸಂರಕ್ಷಣೆ ಎಂದರೆ ಹೊರಗಿನ ಚಿತ್ರವಷ್ಟೇ ಎಂದು ತಿಳಿದಿದ್ದ ಕಾಲದ ನಷ್ಟ ಅದು.

ಇದೇ ಊರಿನಲ್ಲಿ ನೀರಿನ ಇನ್ನೊಂದು ಗೋಪುರವೂ ಇದೆ, ವೆಸ್ಟ್‌ಬಾರ್. 1920ರ ದಶಕದ ಕೊನೆಗೆ ಕಟ್ಟಿದ್ದು. ಅದಕ್ಕೆ ಹಾಕಿದ್ದು ಹಳೇ ಕಾಲದ ಹೆಬ್ಬಾಗಿಲಿನ ವೇಷ, ರಸ್ತೆಗೆ ಅಡ್ಡಲಾಗಿ ಕಮಾನು. ಊರಿಗೆ ಬಂದವರು ಅದರ ಕೆಳಗೇ ಹಾದುಹೋದರೂ ಅದು ಟ್ಯಾಂಕಿನ ಗೋಪುರವೆಂದು ಎಷ್ಟೋ ಮಂದಿಗೆ ತಿಳಿಯುವುದಿಲ್ಲ.

ಮೋಡದ ಮನೆಯನ್ನು ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ. ಗಿರಣಿಯ ಬುಡದಲ್ಲಿ ನಿಂತು ಮೇಲೆ ನೋಡಿದರೆ ಕಾಂಡಕ್ಕಿಂತ ಮೇಲಿನ ಮನೆ ಅಗಲವಾಗಿ ಹೊರಚಾಚಿರುವುದು ಕಾಣುತ್ತದೆ. ಮನೆ ಕಟ್ಟುವವರು ಯಾರೂ ಹಾಗೆ ಮೇಲ್ಭಾರ ಮಾಡಿ ಕಟ್ಟುವುದಿಲ್ಲ. ಆ ಅಗಲ 1923ರ ಟ್ಯಾಂಕಿನದು.